ಹಕ್ಕಿ, ಪತಂಗಗಳಿಗೂ ಜಿಲ್ಲಾ ಪುಟದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೆ,

ಕಾಫಿ, ಮೆಣಸಿನ ಧಾರಣೆಯನ್ನೂ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಎಲ್ಲಿ ಎಷ್ಟು ಬಿತ್ತೆಂಬುದನ್ನೂ ತಮ್ಮ ಪತ್ರಿಕೆಯ ಜಿಲ್ಲಾ ಪುಟ ತಪ್ಪದೆ ತಿಳಿಸುತ್ತದೆ. ಅದೇ ಪುಟದಲ್ಲಿ, ಮಾಘದಿಂದ ವೈಶಾಖದವರೆಗಾದರೂ, ಓದುಗರು ತಮ್ಮ ಊರಿನಲ್ಲಿ ಕಂಡ ಹಕ್ಕಿ, ಪತಂಗಗಳ ಬಗ್ಗೆ ದಿನಾಂಕ ಮತ್ತು ಸ್ಥಳದೊಂದಿಗೆ ನಾಲ್ಕು ಸಾಲು ಬರೆಯಲು ಒಂದು ಮೂಲೆ ಕೊಡಬೇಕೆಂದು ಕೋರುತ್ತೇನೆ.

ಚಿಕ್ಕಮಗಳೂರಿನ ರತ್ನಗಿರಿ ಬೋರೆ ಗುಡ್ಡದ ಕಡೆಗೆ ದಿನವೂ ಬೆಳಿಗ್ಗೆ ನಡೆಯಲು ಹೋಗುವ ನಾನು, ವರ್ಷದ ಮೊದಲ ಕೋಗಿಲೆಯ ಕೂಗನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಗಂಡಿನ ‘ಕುಹೂ’ ಎಲ್ಲರಿಗೂ ಗೊತ್ತು. ಆದರೆ ಮೈತುಂಬ ಬಿಳಿ ಚುಕ್ಕೆಗಳಿರುವ ಕಂದು ಹಕ್ಕಿಯೊಂದು ‘ಕಿಕ್ ಕಿಕ್ ಕಿಕ್’ ಎಂದು ಚೀರುತ್ತ ಮಾವಿನ ಮರದಿಂದ ಹಾರಿ, ಕಾಗೆಗಳೆರಡು ಅದನ್ನು ಅಟ್ಟಿಸಿಕೊಂಡು ಹೋದಾಗ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚುವ ಹೆಣ್ಣು ಕೋಗಿಲೆ ಅದೇ ಎಂದರೆ ಜೊತೆಗಿದ್ದವರು ನಂಬಲಿಲ್ಲ. ಎಲೆ ಉದುರಿಸಿ ಕೆಂಪಗೆ ಹೂಬಿಟ್ಟ ಹಾಲುವಾಣದ ಕೆಳಗೆ ಕಾಲು ಗಂಟೆ ನಿಂತರೆ ಸೂರಕ್ಕಿ, ಪಿಕಳಾರ, ಕಾಜಾಣ, ಮೈನಾಗಳನ್ನು ಒಟ್ಟಿಗೆ ನೋಡಬಹುದು. ತೋಟಗಳಲ್ಲಿ ನೆರಳಿಗೆಂದು ನೆಟ್ಟ ಆ ಮರಗಳ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿರುವಾಗ ಇಂಥ ಟಿಪ್ಪಣಿಗಳು ಇನ್ನಷ್ಟು ಅಗತ್ಯ.

ಹಕ್ಕಿಗಳ ಪಟ್ಟಿಯನ್ನು, ಕಂಡ ಹಕ್ಕಿಗಳನ್ನು ದಾಖಲಿಸುವ ಅಂತರಜಾಲ ತಾಣ ಇ-ಬರ್ಡ್‌ಗೆ ಸೇರಿಸುವವರಾದರೂ ಇದ್ದಾರೆ. ಪತಂಗಗಳಿಗೆ ನಮ್ಮ ಮನೆಗಳಲ್ಲಿ ‘ದೀಪದ ಹುಳು’ ಎಂಬುದರಾಚೆ ಹೆಸರೇ ಇಲ್ಲ. ಕಂಡರೆ ಪೊರಕೆ ಎತ್ತುತ್ತೇವೆ. ಕಳೆದ ಚೈತ್ರದಲ್ಲಿ ನಮ್ಮ ಹಿತ್ತಲಿನ ನಂದಿಬಟ್ಟಲಿನ ಎಲೆಗಳು ಎರಡೇ ದಿನದಲ್ಲಿ ಬರಿದಾದವು. ಹುಡುಕಿದರೆ, ಬೆರಳುದ್ದದ ಹಸಿರು ಹುಳು. ಮುಟ್ಟಿದೊಡನೆ ತಲೆಯನ್ನು ಒಳಗೆಳೆದುಕೊಂಡು, ಕುತ್ತಿಗೆಯ ಭಾಗವನ್ನು ಉಬ್ಬಿಸಿ, ಎರಡು ನೀಲಿ ಕಣ್ಣುಗಳನ್ನು ತೋರಿಸಿತು. ಅವು ನಿಜವಾದ ಕಣ್ಣುಗಳಲ್ಲ, ಶತ್ರುವನ್ನು ಬೆದರಿಸುವ ಮಚ್ಚೆಗಳು. ಔಷಧಿ ಹೊಡೆಯಲು ಹೊರಟವರನ್ನು ನಾನು ತಡೆದೆ. ಕೆಲವು ದಿನಗಳಲ್ಲಿ ಅದು ಕಂದುಬಣ್ಣಕ್ಕೆ ತಿರುಗಿ, ಗಿಡದಿಂದಿಳಿದು ತರಗೆಲೆಯಡಿ ಸೇರಿಕೊಂಡಿತು. ತರಗೆಲೆ ಸಮೇತ ಬುಟ್ಟಿಯಲ್ಲಿಟ್ಟು ಜಾಲರಿ ಮುಚ್ಚಿದೆವು. ಸುಮಾರು ಎರಡು ವಾರದ ನಂತರ ಒಂದು ರಾತ್ರಿ ಹೊರಬಂದ ಕಣಗಿಲೆ ಪತಂಗ, ಮುದುಡಿದ್ದ ರೆಕ್ಕೆಗಳನ್ನು ನಿಧಾನವಾಗಿ ಬಿಡಿಸಿಕೊಂಡಿತು. ಹಸಿರಿನ ಮೇಲೆ ತಿಳಿಗುಲಾಬಿ ಮತ್ತು ಬಿಳಿಯ ಅಲೆಗಳು. ಮನೆಯವರೆಲ್ಲ ಊಟ ಬಿಟ್ಟು ನೋಡಿದೆವು.

ಅದೇ ಗಿಡದಿಂದ ಇನ್ನೂ ಚಿಕ್ಕ ಹುಳುಗಳನ್ನು ಕಚ್ಚಿಕೊಂಡು, ಕಾಂಪೌಂಡ್ ಗೋಡೆಯ ಬಿರುಕಿನಲ್ಲಿದ್ದ ತನ್ನ ಮರಿಗಳಿಗೆ ಒಯ್ಯುತ್ತಿದ್ದ ಮಡಿವಾಳ ಹಕ್ಕಿಯನ್ನೂ ಆ ದಿನಗಳಲ್ಲಿ ಕಂಡೆ. ಔಷಧಿ ಹೊಡೆದಿದ್ದರೆ ಆ ಮರಿಗಳ ಹೊಟ್ಟೆಗೆ ವಿಷವೇ ಸೇರುತ್ತಿತ್ತು. ಜಗಲಿಯ ಪ್ರಖರವಾದ ಬಿಳಿ ದೀಪವನ್ನು ರಾತ್ರಿಯಿಡೀ ಉರಿಸುವುದನ್ನೂ ನಾವು ಬಿಟ್ಟಿದ್ದೇವೆ. ಬೆಳಕಿಗೆ ಸುತ್ತಿ ಸುತ್ತಿ ಸೋತು, ಬೆಳಗಾಗುವಾಗ ನೆಲದಲ್ಲಿ ಬಿದ್ದಿರುತ್ತಿದ್ದ ಪತಂಗಗಳು ಈಗ ಕಡಿಮೆಯಾಗಿವೆ.

ಇಂಥ ಸಂಗತಿಗಳನ್ನು ಕಂಡವರು ಮೂಡಿಗೆರೆ, ಕೊಪ್ಪ, ಕಡೂರಿನಲ್ಲಿಯೂ ಇದ್ದೇ ಇರುತ್ತಾರೆ. ಅವರಿಗೆ ವೈಜ್ಞಾನಿಕ ಹೆಸರು ತಿಳಿದಿರಬೇಕಿಲ್ಲ. ಊರಿನಲ್ಲಿ ಕರೆಯುವ ಹೆಸರು, ಕಂಡ ಜಾಗ ಮತ್ತು ದಿನ ಸಾಕು. ಮೊದಲ ಟಿಪ್ಪಣಿಯಾಗಿ ಇದನ್ನು ಸ್ವೀಕರಿಸಬೇಕಾಗಿ ವಿನಂತಿ: ಮಾರ್ಚ್ 11, ಬೆಳಿಗ್ಗೆ 6.20, ರತ್ನಗಿರಿ ಬೋರೆ. ಒಣಗಿದ ಕೊಂಬೆಯ ತುದಿಯಲ್ಲಿ ಕಂಚುಗಾರ ಹಕ್ಕಿ, ಒಂಟಿ. ಬಿಡದೆ ಕೂಗುತ್ತಿತ್ತು.

ಇತಿ,
ತಮ್ಮ ಓದುಗ, ಚಿಕ್ಕಮಗಳೂರು