ಶೋಗಿ ಗಡಿ ದಾಟಿದ ಬಗೆ

ಮಾನ್ಯರೇ,

ಚೆಸ್‌ನಲ್ಲಿ ನಮ್ಮ ಮಕ್ಕಳು ಗಳಿಸುತ್ತಿರುವ ಯಶಸ್ಸನ್ನು ಪತ್ರಿಕೆಗಳು ಸಂಭ್ರಮದಿಂದ ವರದಿ ಮಾಡುತ್ತಿವೆ. ಅದೇ ಚತುರಂಗದ ಬಳಗಕ್ಕೆ ಸೇರಿದ ಜಪಾನಿನ ಶೋಗಿ ಆಟವು ಕಳೆದ ಐದು ದಶಕಗಳಲ್ಲಿ ತನ್ನ ನಾಡಿನಾಚೆಗೆ ಹಬ್ಬಿದ ಬಗೆಯನ್ನೂ ಓದುಗರು ಗಮನಿಸಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಶೋಗಿಯ ಮಣೆಯಲ್ಲಿ 81 ಮನೆಗಳಿದ್ದು, ಒಬ್ಬೊಬ್ಬರಿಗೆ 20 ಕಾಯಿಗಳಿರುತ್ತವೆ. ಎರಡೂ ಕಡೆಯವರ ಕಾಯಿಗಳ ಬಣ್ಣ ಒಂದೇ ಆದ್ದರಿಂದ, ಚೂಪು ತುದಿ ಯಾವ ಕಡೆಗಿದೆ ಎಂದು ನೋಡಿಯೇ ಕಾಯಿ ಯಾರದೆಂದು ತಿಳಿಯಬೇಕು. ಹೊಡೆದ ಕಾಯಿ ಆಟದಿಂದ ಹೊರಬೀಳದೆ ಹೊಡೆದವರ ಕೈಸೇರಿ, ಮುಂದೆ ಅವರ ಪರವಾಗಿಯೇ ಖಾಲಿ ಮನೆಯೊಂದರಲ್ಲಿ ಬಂದು ಕೂರಬಹುದು. ಹಾಗಾಗಿ ಚೆಸ್‌ನಲ್ಲಿ ಆಗುವಂತೆ ಕೊನೆಕೊನೆಗೆ ಮಣೆ ಬರಿದಾಗುವುದಿಲ್ಲ, ಡ್ರಾ ಆಗುವುದೂ ಅಪರೂಪ. ಇಷ್ಟು ಸೊಗಸಾದ ಆಟ ಬಹುಕಾಲ ಜಪಾನಿನೊಳಗೇ ಉಳಿಯಲು ಕಾಯಿಗಳ ಮೇಲಿನ ಕಾಂಜಿ (ಚೀನೀ ಮೂಲದ ಜಪಾನಿ ಲಿಪಿ) ಬರಹವೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಕಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ಆಕಾರದವಾಗಿರುವುದರಿಂದ ಆ ಲಿಪಿ ಓದಲಾರದವರಿಗೆ ಯಾವುದು ಯಾವುದೆಂದೇ ಹೊಳೆಯುವುದಿಲ್ಲ.

ಈ ತೊಡಕನ್ನು ಬಿಡಿಸಿದವರು ತಾಳ್ಮೆಯಿಂದ ಕಲಿಸಿದ ಕೆಲವೇ ಮಂದಿ. ಇಂಗ್ಲೆಂಡಿನ ಜಾರ್ಜ್ ಹಾಡ್ಜಸ್ 1976ರಿಂದ 1987ರವರೆಗೆ ಶೋಗಿಗೆಂದೇ ಇಂಗ್ಲಿಷ್ ಪತ್ರಿಕೆಯೊಂದನ್ನು ನಡೆಸಿದರು. ಶಾಂಘೈನಲ್ಲಿ ಶಾಲಾ ಮಕ್ಕಳಿಗೇ ಆಟ ಕಲಿಸಲಾಯಿತು. ನಡೆಯ ದಿಕ್ಕನ್ನು ಗೆರೆಗಳಿಂದ ತೋರಿಸುವ ಕಾಯಿಗಳು ಬಂದವು, ಅಂತರ್ಜಾಲದಲ್ಲಿ ಆಡುವ ಅನುಕೂಲವೂ ಆಯಿತು. ಹೀಗೆ ಅಂತರ್ಜಾಲದಲ್ಲಿ ಆಡುತ್ತಾ ಬೆಳೆದ ಪೋಲೆಂಡಿನ ಕರೋಲಿನಾ ಸ್ಟಿಚಿನ್ಸ್ಕಾ 2017ರಲ್ಲಿ ಜಪಾನಿನ ಮಹಿಳಾ ವೃತ್ತಿಪರ ಆಟಗಾರ್ತಿಯರ ಸಾಲಿಗೆ ಸೇರಿದರು. ಆ ಸಾಲಿಗೆ ಸೇರಿದ ಮೊದಲ ವಿದೇಶಿ ಅವರು.

ಕಳೆದ ಬೇಸಿಗೆ ರಜೆಯಲ್ಲಿ ಸರಸ್ವತಿಪುರಂನ ನಮ್ಮ ಮನೆಯಲ್ಲಿ ನಾನೂ ಮೊಮ್ಮಗಳೂ ಲಗ್ನಪತ್ರಿಕೆಗಳ ದಪ್ಪ ಹಾಳೆಯನ್ನು ಕತ್ತರಿಸಿ 40 ಕಾಯಿಗಳನ್ನು ಮಾಡಿ, ಅವುಗಳ ಮೇಲೆ ರಾಜ, ಚಿನ್ನ, ಬೆಳ್ಳಿ, ಕುದುರೆ, ಕಾಲಾಳು ಎಂದು ಕನ್ನಡದಲ್ಲೇ ಬರೆದೆವು. ಮೊದಲ ದಿನವೇ ಅವಳು ನನ್ನ ಬೆಳ್ಳಿಯನ್ನು ಹೊಡೆದು, ನಾಲ್ಕು ನಡೆಗಳ ನಂತರ ಅದನ್ನೇ ನನ್ನ ರಾಜನ ಎದುರಿಗೆ ಕೂರಿಸಿ, "ತಾತ, ಇದೀಗ ನಂದು" ಎಂದಳು. ಕನ್ನಡದ ಅಕ್ಷರವಿದ್ದುದರಿಂದ ನಾವು ತಡವರಿಸಿದ್ದು ಆಟದ ಲೆಕ್ಕಾಚಾರದಲ್ಲಿ ಮಾತ್ರ, ಕಾಯಿ ಗುರುತಿಸುವುದರಲ್ಲಿ ಅಲ್ಲ.

ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿದು. ಆದರೂ ಇಂದು ನಮ್ಮ ಅಳಿಗುಳಿಮಣೆ, ಪಗಡೆಹಾಸುಗಳನ್ನು ಮಕ್ಕಳು ಹೆಚ್ಚಾಗಿ ಪ್ರದರ್ಶನಗಳಲ್ಲಿ ನೋಡಿ ಬರುತ್ತಾರೆಯೇ ಹೊರತು ಆಡುವುದಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಶಾಲೆಯೊಂದರಲ್ಲಿ ಶನಿವಾರದ ಒಂದು ಗಂಟೆ ಇಂಥ ಆಟಗಳನ್ನು ಉಚಿತವಾಗಿ ಕಲಿಸುತ್ತೇನೆಂದು ಕೇಳಿಕೊಂಡಾಗ, ಚೆಸ್ ತರಬೇತಿ ಇದೆಯಲ್ಲ, ಅಷ್ಟು ಸಾಕು ಎಂಬ ಉತ್ತರ ಸಿಕ್ಕಿತು.

ಆದ್ದರಿಂದ ನಗರದ ಸಾರ್ವಜನಿಕ ಗ್ರಂಥಾಲಯಗಳು ಮಕ್ಕಳ ವಿಭಾಗದಲ್ಲಿ ಒಂದು ಮೇಜನ್ನು ಇದಕ್ಕಾಗಿ ಬಿಟ್ಟುಕೊಟ್ಟು, ಅಳಿಗುಳಿಮಣೆ, ಚೌಕಾಬಾರದ ಜೊತೆಗೆ ಕನ್ನಡ ಅಕ್ಷರಗಳ ಶೋಗಿ ಕಾಯಿಗಳನ್ನೂ, ಒಂದೇ ಪುಟದಲ್ಲಿ ಅಚ್ಚಾದ ನಿಯಮಗಳನ್ನೂ ಇಡಬೇಕೆಂದು ಕೋರುತ್ತೇನೆ. ಕಾಯಿಗಳ ಮೊದಲ ಜೊತೆಯನ್ನು ನಾನೇ ಮಾಡಿಕೊಡುತ್ತೇನೆ. ಈ ಸಲ ರಟ್ಟಿನಲ್ಲಲ್ಲ, ಮರದಲ್ಲಿ.

– ನಿವೃತ್ತ ಶಿಕ್ಷಕ, ಸರಸ್ವತಿಪುರಂ, ಮೈಸೂರು