ಕಾಗದ ಬೀರುವಿನಲ್ಲಿ, ಪತ್ರಿಕೆಯಲ್ಲಿ ಬರೀ ‘ಆರೋಪ’: ಪೌರಾಡಳಿತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ,

ನಮಸ್ಕಾರ.

‘ಕಳಪೆ ಕಾಮಗಾರಿ: ಸಾರ್ವಜನಿಕರ ಆರೋಪ’. ಜಿಲ್ಲಾ ಪುಟಗಳಲ್ಲಿ ಪದೇಪದೇ ಕಾಣುವ ತಲೆಬರಹ ಇದು. ರಸ್ತೆ ನಿಜಕ್ಕೂ ಕಳಪೆಯೋ ಅಲ್ಲವೋ ಎಂದು ಹೇಳುವ ಕಾಗದ ನಗರಸಭೆಯ ಬೀರುವಿನಲ್ಲಿರುತ್ತದೆ. ಸುದ್ದಿ ಬರೆಯುವ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ. ಸಣ್ಣ ನಗರಗಳ ವರದಿಗಾರರಾದ ನಾವು ನಿಮ್ಮಲ್ಲಿ ಕೇಳುತ್ತಿರುವುದು ಆ ಕಾಗದವನ್ನೇ.

ಒಂದು ಲೆಕ್ಕ ನೋಡಿ. 120 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ ಕಾಂಕ್ರೀಟ್ ರಸ್ತೆ. ಅಂದಾಜು ಪಟ್ಟಿಯಲ್ಲಿ 15 ಸೆಂ.ಮೀ. ದಪ್ಪ ಎಂದಿದ್ದರೆ 63 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. 10 ಸೆಂ.ಮೀ.ಗೆ ನಿಲ್ಲಿಸಿದರೆ ಬಿದ್ದದ್ದು 42. ಆರು ಘನ ಮೀಟರ್ ಹಿಡಿಸುವ ಮಿಕ್ಸರ್ ಲಾರಿ ಹನ್ನೊಂದು ಸಲ ಬರಬೇಕಾದ ಕಡೆ ಏಳೇ ಸಲ ಬಂದುಹೋಗಿರುತ್ತದೆ. ಅಂಚಿಗೆ ಟೇಪು ಹಿಡಿದು ದಪ್ಪ ಅಳೆಯಲು ಐದು ನಿಮಿಷ ಸಾಕು. ಪಕ್ಕಕ್ಕೆ ಮಣ್ಣು ತುಂಬುವ ಮೊದಲೇ ಅಳೆಯಬೇಕು, ಅಷ್ಟೆ. ಆದರೆ ಅಳತೆಯನ್ನು ಯಾವುದಕ್ಕೆ ಹೋಲಿಸುವುದು? ಅಂದಾಜು ಪಟ್ಟಿ, ಕಾರ್ಯಾದೇಶ, ಆದ ಕೆಲಸವನ್ನು ಇಂಜಿನಿಯರ್ ಅಳೆದು ಬರೆದಿಡುವ, ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದ ಪುಟ, ಈ ಮೂರೂ ಎದುರಿಗಿದ್ದರೆ ‘ಆರೋಪ’ ಎಂಬ ಪದವೇ ಬೇಡ. ಕೆಲಸ ಸರಿಯಾಗಿ ಆಗಿದ್ದರೆ ಅದೂ ಅಚ್ಚಾಗುತ್ತದೆ. ಸುಳ್ಳು ದೂರಿಗೆ ಸಿಕ್ಕಿಕೊಂಡ ಇಂಜಿನಿಯರನ್ನು ಕಾಪಾಡುವುದೂ ಅದೇ ಪುಟ.

ಕೇಳಿದರೆ ಬರುವ ಉತ್ತರ ‘ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ’. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದರೆ 30 ದಿನ. ಉತ್ತರ ಬಾರದೆ ಮೊದಲ ಮೇಲ್ಮನವಿಗೆ ಹೋದರೆ ಮತ್ತೆ 30ರಿಂದ 45 ದಿನ. ಆಮೇಲೆ ಮಾಹಿತಿ ಆಯೋಗದ ಸರದಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಅಂದಾಜು ಪಟ್ಟಿ ಮತ್ತು ಎಂ.ಬಿ. ಒಟ್ಟಿಗೆ ಕೇಳಿದರೆ ‘ಎರಡು ವಿಷಯ’ ಎಂದು ಅರ್ಜಿ ಮರಳುವುದೂ ಉಂಟು. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿ, ಮಳೆಗಾಲ ಕಳೆದು, ರಸ್ತೆಯೇ ಕಿತ್ತುಹೋಗಿರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಸೆಕ್ಷನ್ ಯೋಜನೆ, ವೆಚ್ಚ, ಪಾವತಿಯ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಿ ಎನ್ನುತ್ತದೆ. ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನೂ ತಿಳಿಸಬೇಕೆಂದು ಅಲ್ಲಿಯೇ ಬರೆದಿದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ಇನ್ನು ನಗರಸಭೆಯ ಸಾಮಾನ್ಯ ಸಭೆ. ಕಾರ್ಯಸೂಚಿ ಸದಸ್ಯರಿಗೆ ಮುಂಚೆಯೇ ತಲುಪಿರುತ್ತದೆ. ವರದಿಗಾರರಿಗೆ ಅದು ಸಿಗುವುದು ಸಭೆ ಶುರುವಾದ ಮೇಲೆ, ಪರಿಚಯದ ಸದಸ್ಯರೊಬ್ಬರ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡಾಗ. ಮೊದಲರ್ಧ ಬೀದಿನಾಯಿ, ಬೀದಿದೀಪ, ನೀರಿನ ಗಲಾಟೆಯಲ್ಲಿ ಹೋಗುತ್ತದೆ. ಅವೂ ಮುಖ್ಯವೇ, ಇಲ್ಲವೆನ್ನುವುದಿಲ್ಲ. ಆದರೆ ದುಡ್ಡಿನ ವಿಷಯಗಳು ಕೊನೆಯ ಪುಟದಲ್ಲಿರುತ್ತವೆ: ‘ಘಟನೋತ್ತರ ಮಂಜೂರಾತಿ’ (ಮೊದಲೇ ಆಗಿಹೋದ ಕೆಲಸ, ಖರ್ಚಿಗೆ ಆಮೇಲೆ ಕೊಡುವ ಒಪ್ಪಿಗೆ), ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಊಟದ ಹೊತ್ತಿಗೆ ಇವೆಲ್ಲ ಒಂದೇ ಉಸಿರಿನಲ್ಲಿ ‘ಒಪ್ಪಿಗೆ, ಒಪ್ಪಿಗೆ’ ಎಂದು ಮುಗಿಯುತ್ತವೆ. ಯಾವ ವಿಷಯಕ್ಕೆ ಎಷ್ಟು ಮೊತ್ತ, ಯಾವ ಅನುದಾನದಿಂದ ಎಂಬುದು ಹಿಂದಿನ ಸಾಲಿನಲ್ಲಿ ಕೂತವರಿಗೆ ಕೇಳಿಸುವುದೇ ಇಲ್ಲ. ಸಂಜೆ ಏಳೆಂಟರೊಳಗೆ ಸುದ್ದಿ ಕಳಿಸಬೇಕು. ಹಾಗಾಗಿ ಮರುದಿನ ಅಚ್ಚಾಗುವುದು ಗಲಾಟೆ ಮಾತ್ರ.

ಕೌನ್ಸಿಲ್ ಇಲ್ಲದ ಕಾಲದಲ್ಲಿ ಇಷ್ಟೂ ಇರುವುದಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಇತ್ಯರ್ಥವಾಗದೆ, 2023ರಿಂದ 2024ರವರೆಗೆ ಎಷ್ಟೋ ನಗರಸಭೆ, ಪುರಸಭೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಸಭೆ ಇಲ್ಲ, ಪ್ರಶ್ನೆ ಇಲ್ಲ, ಕಡತದ ಮೇಲಿನ ಸಹಿಯೇ ಠರಾವು. ಅಂಥ ಕಾಲದಲ್ಲೇ ಆದೇಶಗಳು ಅದೇ ದಿನ ಹೊರಬರುವುದು ಹೆಚ್ಚು ಅಗತ್ಯ.

ಕೊಡುವ ಕಾಗದ ಓದುವಂತೆಯೂ ಇರಬೇಕು. ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ, 3.80 ಲಕ್ಷ 8.30 ಲಕ್ಷವಾಗಿ ಅಚ್ಚಾದರೆ ನೋಟಿಸು ಬರುವುದು ವರದಿಗಾರನಿಗೆ. ಎಲ್ಲ ಮೊಬೈಲಿನಲ್ಲೂ ಓದಲಾಗುವ ಯೂನಿಕೋಡ್ ಅಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಪರಿವರ್ತಿಸಿದರೂ ಒತ್ತಕ್ಷರಗಳು ಕೆಡುತ್ತವೆ. ಗುತ್ತಿಗೆದಾರರ ಹೆಸರನ್ನು ‘ವೈಯಕ್ತಿಕ ಮಾಹಿತಿ’ ಎಂದು ಕಪ್ಪು ಬಳಿಯುವುದೂ ಬೇಡ. ಸಾರ್ವಜನಿಕ ಹಣ ಪಡೆದು ರಸ್ತೆ ಮಾಡಿದವರ ಹೆಸರು ಊರಿಗೆ ತಿಳಿಯಬೇಕಾದದ್ದು.

ನೀವು ಹೊರಡಿಸಬೇಕಾದ ಸುತ್ತೋಲೆ ಒಂದು ಪುಟ ಮೀರುವುದಿಲ್ಲ. ಕಾರ್ಯಸೂಚಿ, ಟಿಪ್ಪಣಿಗಳ ಸಮೇತ, ಸದಸ್ಯರಿಗೆ ಕಳಿಸಿದ ದಿನವೇ ನಗರಸಭೆಯ ಜಾಲತಾಣಕ್ಕೆ ಬರಲಿ. ಸಹಿಯಾದ ನಡಾವಳಿ ವಾರದೊಳಗೆ ಬರಲಿ. ತಿಂಗಳಿಗೊಮ್ಮೆ ಕಾಮಗಾರಿಗಳ ಪಟ್ಟಿ ಯೂನಿಕೋಡ್‌ನಲ್ಲಿ ಬರಲಿ: ವಾರ್ಡು, ಟೆಂಡರ್ ಸಂಖ್ಯೆ, ಗುತ್ತಿಗೆದಾರ, ಅಂದಾಜು ಮೊತ್ತ, ಪಾವತಿಯಾದ ಬಿಲ್ಲು, ಜೊತೆಗೆ ಎಂ.ಬಿ. ಪುಟದ ಪ್ರತಿ. ಕೊನೆಯ ಕಲಮಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಇರಲಿ. ಆ ದಿನದೊಳಗೆ ರಸ್ತೆ ಕಿತ್ತರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ದಿನಾಂಕ ಗೊತ್ತಿಲ್ಲದ ಕಾರಣಕ್ಕೆ ಅದೇ ಗುಂಡಿಗೆ ನಗರಸಭೆಯೇ ಮತ್ತೆ ದುಡ್ಡು ಹಾಕಿದರೂ ಯಾರಿಗೂ ತಿಳಿಯುವುದಿಲ್ಲ.

ಬರುವ ತಿಂಗಳ ಸಾಮಾನ್ಯ ಸಭೆಯಿಂದಲೇ ಇದು ಆರಂಭವಾಗಲಿ ಎಂದು ಕೋರುತ್ತೇವೆ.

ಇಂತಿ,
ಸಣ್ಣ ನಗರಗಳ ವರದಿಗಾರರು