ಮಗಳಿಗೊಂದು ಪತ್ರ: ನೀನು ಕಳಿಸಿದ ಪುಸ್ತಕ, ನಮ್ಮ ಜಗಳ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಅರುಣ್ ಖೇತ್ರಪಾಲ್ ಜೀವನಚರಿತ್ರೆ ಮನೆಯಲ್ಲಿ ಇದ್ದಿದ್ದೇ ಕಡಿಮೆ. ಅಮಾನಿಕೆರೆಗೆ ನನ್ನ ಜೊತೆ ವಾಕಿಂಗ್ ಬರುವವರೆಲ್ಲ ಓದಿಬಿಟ್ಟರು. ಈಗ ನಡೆಯೋದಕ್ಕಿಂತ ವಾದವೇ ಜಾಸ್ತಿ.

ನೀನಿನ್ನೂ ಓದಿಲ್ಲವಲ್ಲ, ಚಿಕ್ಕದಾಗಿ ಹೇಳುತ್ತೇನೆ. 1971ರ ಜೂನ್‌ನಲ್ಲಿ ನಮ್ಮ ಸೇನೆಯ ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟ್ ಸೇರಿದ ಹುಡುಗ, ಡಿಸೆಂಬರ್ 16ಕ್ಕೆ ಬಸಂತರ್ ನದಿ ಹತ್ತಿರದ ಟ್ಯಾಂಕ್ ಕಾಳಗದಲ್ಲಿ ಹೋಗಿಬಿಟ್ಟ. ವಯಸ್ಸು 21. ಟ್ಯಾಂಕಿಗೆ ಬೆಂಕಿ ಹತ್ತಿತ್ತು, ಬಿಟ್ಟು ಬಾ ಅಂತ ರೇಡಿಯೋದಲ್ಲಿ ಹೇಳಿದರು, ಗನ್ ಇನ್ನೂ ಕೆಲಸ ಮಾಡುತ್ತಿದೆ ಅಂತ ಇವನು ಬರಲಿಲ್ಲ. ಅದೇ ದಿನ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಮಾರನೇ ದಿನ ಯುದ್ಧವೇ ನಿಂತಿತು. ಪರಮವೀರ ಚಕ್ರ ಬಂತು.

ರಿಟೈರ್ ಆದ ಸುಬೇದಾರರು ಇದ್ದಾರಲ್ಲ, ಅವರು ಹೊಗಳುತ್ತಾರೆ ಅಂದುಕೊಂಡಿದ್ದೆ. 'ಸೆಂಚೂರಿಯನ್ ಟ್ಯಾಂಕಲ್ಲಿ ನಾಲ್ಕು ಜನ ಇರ್ತಾರೆ ಸ್ವಾಮಿ, ಉಳಿದ ಮೂವರ ಮನೆ ಕಥೆ ಎಲ್ಲಿ?' ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಟೀಚರ್ ಆಂಟಿಗೆ ಬಾಲ್ಯದ ಪುಟಗಳೇ ಹಿಡಿಸಲಿಲ್ಲ, ಪದಕ ಬಂದ ಮೇಲೆ ತೊಟ್ಟಿಲಲ್ಲೇ ಶೂರ ಅಂತ ಬರೆಯೋದು ಸುಲಭ ಅಲ್ವಾ ಅಂತಾರೆ. ಬ್ಯಾಂಕ್ ಮಾಮನಿಗೆ ಇದ್ಯಾವುದೂ ಬೇಡ. ಹುಡುಗರು ಓದಿ ಸೇನೆ ಸೇರಿದರೆ ಸಾಕು.

ನಿಜವಾದ ಜಗಳ ಆಗಿದ್ದು ಲಾಹೋರಿನ ಅಧ್ಯಾಯಕ್ಕೆ. 2001ರಲ್ಲಿ ಅರುಣನ ತಂದೆ, ಅವರೂ ಸೇನೆಯಲ್ಲಿ ಬ್ರಿಗೇಡಿಯರ್ ಆಗಿದ್ದವರು, 81ನೇ ವಯಸ್ಸಲ್ಲಿ ಹುಟ್ಟೂರು ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋಗುತ್ತಾರೆ. ಲಾಹೋರಿನಲ್ಲಿ ಉಳಿದುಕೊಂಡಿದ್ದು ಅಲ್ಲಿನ ಬ್ರಿಗೇಡಿಯರ್ ಖ್ವಾಜಾ ನಾಸೆರ್ ಮನೆಯಲ್ಲಿ. ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೊರಡುವ ಹಿಂದಿನ ರಾತ್ರಿ ಆತ ಹೇಳುತ್ತಾರೆ, ನಿಮ್ಮ ಮಗ ಸತ್ತಿದ್ದು ನನ್ನ ಕೈಯಲ್ಲಿ ಅಂತ.

ಶತ್ರುವಿಗೆ ಇಷ್ಟು ಪುಟ ಯಾಕೆ, ಕಿತ್ತು ಹಾಕಿ ಅನ್ನೋದು ಬ್ಯಾಂಕ್ ಮಾಮನ ವಾದ. ನಾನು ಒಪ್ಪಲಿಲ್ಲ. ಸುಮ್ನೆ ಯೋಚಿಸು, ಮಗ ಹೇಗೆ ಹೋದ ಅಂತ ಮೂವತ್ತು ವರ್ಷ ಬೇರೆಯವರಿಂದ ಕೇಳಿ ತಿಳಿದಿದ್ದ ಅಪ್ಪನ ಎದುರಿಗೆ, ಆ ಹೊತ್ತಲ್ಲಿ ಆ ಕಡೆ ನಿಂತಿದ್ದವನೇ ಕೂತು ಮಾತಾಡುತ್ತಾನೆ. ಕೋಪ ಬಂತೋ, ಸಮಾಧಾನ ಆಯಿತೋ, ಎರಡೂನೋ. ಪುಸ್ತಕದಲ್ಲಿ ನಾನು ಎರಡು ಸಲ ಓದಿದ್ದು ಅದೊಂದೇ ಭಾಗ. ನಿನಗೂ ಈಗ ಅರುಣನದೇ ವಯಸ್ಸು ನೋಡು, ಅದಕ್ಕೇ ಹೀಗನಿಸುತ್ತೋ ಏನೋ.

ಪುಸ್ತಕ ಸದ್ಯ ಸುಬೇದಾರರ ಮೊಮ್ಮಗನ ಹತ್ತಿರ ಇದೆ. ಹಬ್ಬಕ್ಕೆ ಬಂದಾಗ ಓದು. ಟೀಚರ್ ಆಂಟಿ ಅಂಚಿನಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ, ಅದನ್ನೂ ಬಿಡಬೇಡ, ಕೆಲವು ಪುಸ್ತಕಕ್ಕಿಂತ ಚೆನ್ನಾಗಿವೆ.

ನಿನ್ನ,
ಅಪ್ಪ